ಲಟ್ಟಣಿಗೆಯ ಜೊತೆ ತೀನ್ ತಾಳ

ಶಾಸ್ತ್ರೀಯ ಸಂಗೀತ ಕೇಳಲು ಬಿಡುವು ಬೇಕು, ಜ್ಞಾನ ಬೇಕು ಎಂದು ಹಿಂಜರಿಯುವವರಿಗೆ ನಾನು ಹೇಳುವುದಿಷ್ಟೆ: ಸಂಜೆ ಅಡುಗೆಮನೆಯಲ್ಲಿ ಫೋನಿನಲ್ಲಿ ಯಮನ್ ಹಚ್ಚಿಡಿ. ದೀಪ ಹಚ್ಚುವ ಹೊತ್ತಿನ ರಾಗ ಅದು. ಕರ್ನಾಟಕ ಸಂಗೀತದ ಕಲ್ಯಾಣಿಗೆ ಹತ್ತಿರದ್ದು.

ಚಪಾತಿ ಲಟ್ಟಿಸುವಾಗ ನನ್ನ ಕಿವಿ ಮೊದಲು ಹೋಗುವುದು ತಬಲಾದ ಕಡೆಗೆ. ತೀನ್ ತಾಳಕ್ಕೆ 16 ಮಾತ್ರೆ. 9ರಿಂದ ಖಾಲಿ ಭಾಗ. ಅಲ್ಲಿ ಎಡಗೈಯ ಡಗ್ಗಾದ ಗುಂಯ್ ಎನ್ನುವ ದನಿ ಸರಿದು, ಬಲಗೈಯ ಗಟ್ಟಿ ಪೆಟ್ಟುಗಳಷ್ಟೇ ಉಳಿಯುತ್ತವೆ. ಡಗ್ಗಾ ಮತ್ತೆ ಮೊಳಗಿತೆಂದರೆ ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಹತ್ತಿರವಾಯಿತು ಎಂದರ್ಥ. ಎಲ್ಲೆಲ್ಲೋ ಸುತ್ತಾಡುತ್ತಿದ್ದ ಗಾಯಕ ಸರಿಯಾಗಿ ಆ ಮೊದಲ ಮಾತ್ರೆಗೆ ಬಂದು ನಿಂತಾಗ ಮೈ ಜುಮ್ಮೆನ್ನುತ್ತದೆ. ಸ್ವರಜ್ಞಾನ ಇಲ್ಲದವರಿಗೂ ಈ ಸುಖ ದಕ್ಕುತ್ತದೆ, ನಂಬಿ.

ಒಂದು ಗಂಟೆಯ ಖಯಾಲ್ ಭಾರವೆನಿಸಿದರೆ ಹಳೆಯ 78 ಆರ್‌ಪಿಎಂ ತಟ್ಟೆಗಳ ಗಾಯನ ಹುಡುಕಿ. ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷ. ಅಷ್ಟರಲ್ಲೇ ರಾಗದ ಮುಖ ತೋರಿಸಬೇಕಿತ್ತು. ಗಂಗೂಬಾಯಿ ಹಾನಗಲ್ಲರ ಆ ಕಾಲದ ಎಳೆಯ ದನಿ ಕೇಳಿದರೆ, ಮುಂದೆ ಗಂಭೀರವಾದ ಕಂಠ ಇದೇನಾ ಎಂದು ಬೆರಗಾಗುತ್ತೀರಿ.

ಮಲ್ಲಿಕಾರ್ಜುನ ಮನ್ಸೂರರನ್ನು (1910–1992) ಕಿವಿ ಸ್ವಲ್ಪ ಪಳಗಿದ ಮೇಲೆ ಕೇಳುವುದು ಒಳ್ಳೆಯದು. ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳು, ಜೋಡುರಾಗಗಳು ಅವರಲ್ಲಿ ಧಾರಾಳ. ರಾಗದ ಹೆಸರು ಗೊತ್ತಾಗದಿದ್ದರೂ ಚಿಂತೆಯಿಲ್ಲ. ಅದೇ ಧ್ವನಿಮುದ್ರಿಕೆಯನ್ನು ವಾರವಿಡೀ ಕೇಳಿ. ನಾಲ್ಕೈದು ದಿನಕ್ಕೆ ಮುಂದಿನ ತಿರುವು ಬರುವ ಮೊದಲೇ ನಿಮ್ಮ ತಲೆ ತೂಗುತ್ತದೆ.