ಮನಸ್ಸನ್ನು ತೂಗುವ ತಕ್ಕಡಿ

ಸಂತೆಯ ವರ್ತಕನ ತೂಕದ ಬಟ್ಟಿಗೂ ಸರಕಾರದ ಮುದ್ರೆ ಇರತಕ್ಕದ್ದೆಂಬ ಕಟ್ಟಳೆಯುಂಟು. ಹಾಗಿರಲು, ಮನುಷ್ಯನ ಬಂಧನ ಬಿಡುಗಡೆಗಳನ್ನು ತೂಗುವ ತಕ್ಕಡಿಯನ್ನು ಪರೀಕ್ಷಿಸದೆ ಬಳಸಬಹುದೆ?

ಲೈಂಗಿಕ ಅಪರಾಧಕ್ಕಾಗಿ ಶಿಕ್ಷೆ ಹೊಂದಿದವನು ಪುನಃ ಅದೇ ಕೃತ್ಯಕ್ಕೆ ಕೈಯಿಕ್ಕುವ ಸಂಭವವೆಷ್ಟೆಂದು ಅಳೆಯಲು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ಮಾಪಕಗಳನ್ನು ರಚಿಸಿದ್ದಾರೆ. ಕೆನಡಾದ ಹ್ಯಾನ್ಸನ್ ಮತ್ತು ಇಂಗ್ಲೆಂಡಿನ ಥಾರ್ನ್‌ಟನ್ ಎಂಬವರ ‘ಸ್ಟ್ಯಾಟಿಕ್-99’ ಅವುಗಳಲ್ಲಿ ಪ್ರಸಿದ್ಧವಾದುದು. ಅಪರಾಧಿಯ ವಯಸ್ಸು, ಹಿಂದಿನ ಶಿಕ್ಷೆಗಳು, ಪೀಡಿತರೊಡನೆ ಅವನ ಸಂಬಂಧ ಮೊದಲಾದ 10 ಅಂಶಗಳಿಗೆ ಅಂಕಗಳನ್ನಿತ್ತು ಕೂಡಿಸುವುದೇ ಅದರ ಕ್ರಮ.

ಇದೂ ಸೇರಿದಂತೆ ಐದು ಮಾಪಕಗಳ ಪ್ರಾಮಾಣ್ಯವನ್ನು ಕೆನಡಾದ ಮೂಲನಿವಾಸಿಗಳಲ್ಲೊಂದಾದ ಮೇಟಿ ಜನಾಂಗದ ಕೈದಿಯೊಬ್ಬನು ಪ್ರಶ್ನಿಸಿದನು. ಅನ್ಯರನ್ನು ಅಳೆದ ಕೋಲು ತನ್ನವರಿಗೂ ಸರಿಹೊಂದುವುದೆಂದು ಪರೀಕ್ಷಿಸಿದವರಾರೆಂಬುದೇ ಅವನ ವಾದ. ಮಾಪಕಗಳು ಸುಳ್ಳೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಹೇಳಲಿಲ್ಲ. ಆದರೆ ಅವು ಮೂಲನಿವಾಸಿಗಳ ವಿಷಯದಲ್ಲಿ ನಿಖರವೆಂದು ಖಚಿತಪಡಿಸಿಕೊಳ್ಳಲು ಕಾರಾಗೃಹ ಇಲಾಖೆಯು ಯುಕ್ತವಾದ ಕ್ರಮ ಕೈಕೊಳ್ಳದೆ ಕಾನೂನಿನ ಕರ್ತವ್ಯದಲ್ಲಿ ತಪ್ಪಿತೆಂದು 2018ನೆಯ ಜೂನ್ 13ರಂದು ತೀರ್ಪಿತ್ತಿತು.

ಈ ಎಚ್ಚರವು ಅತಿಯಾಯಿತೆನ್ನುವವರು ಒಂದು ಲೆಕ್ಕವನ್ನು ಮಾಡಿ ನೋಡಲಿ. ಬಿಡುಗಡೆಯಾದ 1000 ಜನರಲ್ಲಿ 50 ಮಂದಿ ಪುನಃ ಅಪರಾಧವೆಸಗುವರೆಂದೂ, ಮಾಪಕವು ಇಬ್ಬಗೆಯವರ ವಿಷಯದಲ್ಲಿಯೂ ನೂರಕ್ಕೆ 80 ಸಲ ಸರಿಯಾಗುವುದೆಂದೂ ಭಾವಿಸೋಣ. ಆಗ 40 ಮಂದಿ ಸಿಕ್ಕಿಬಿದ್ದು 10 ಮಂದಿ ನುಸುಳಿಹೋಗುವರು. ಉಳಿದ 950 ಜನರಲ್ಲಿ 190 ಮಂದಿಗೆ ಅಕಾರಣವಾಗಿ ಅಪಾಯಕಾರಿಗಳೆಂಬ ಮುದ್ರೆ ಬೀಳುವುದು. ನುಸುಳಿದ ಒಬ್ಬೊಬ್ಬನಿಂದ ಯಾವ ಮನೆಯ ಮಗುವಿಗೆ ಕೇಡಾಗುವುದೋ ಬಲ್ಲವರಾರು? ಆದಕಾರಣ ಮಾಪಕವನ್ನು ತಿರಸ್ಕರಿಸುವುದೂ ವಿವೇಕವಲ್ಲ, ಕಣ್ಣುಮುಚ್ಚಿ ನಂಬುವುದೂ ವಿವೇಕವಲ್ಲ.

ಇನ್ನೊಂದು ಮಾತನ್ನು ಅಧಿಕಾರಿಗಳು ಮರೆಯಲಾಗದು. ಈ ಮಾಪಕಗಳು ಅಪರಾಧ ಸಿದ್ಧವಾದವನ ಮುಂದಿನ ಅಪಾಯವನ್ನು ಅಂದಾಜಿಸತಕ್ಕವೇ ಹೊರತು, ಆರೋಪಿತನು ತಪ್ಪಿತಸ್ಥನೆಂದು ಸಾರತಕ್ಕವಲ್ಲ. ಮನಸ್ಸನ್ನು ಬಲಾತ್ಕಾರದಿಂದ ಶೋಧಿಸುವುದಕ್ಕೂ ನಮ್ಮ ದೇಶದಲ್ಲಿ ತಡೆಯುಂಟು: ಮಂಪರು ಪರೀಕ್ಷೆ, ಸುಳ್ಳುಪತ್ತೆ ಮೊದಲಾದವುಗಳನ್ನು ಸಮ್ಮತಿಯಿಲ್ಲದೆ ನಡೆಸಕೂಡದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ 2010ರಲ್ಲಿ ವಿಧಿಸಿದೆ.

ಪರದೇಶದ ಮಾಪಕವೊಂದನ್ನು ನಮ್ಮ ಸೆರೆಮನೆಗಳಲ್ಲಿ ಬಳಸಬೇಕಾದರೆ, ಮೊದಲು ನಮ್ಮ ಜನರ ನಡುವೆ, ನಮ್ಮ ಭಾಷೆಗಳಲ್ಲಿ, ವರ್ಷಗಟ್ಟಲೆ ಅದರ ಸತ್ಯವನ್ನು ಪರೀಕ್ಷಿಸತಕ್ಕದ್ದು. ತಪ್ಪಿದ ಲೆಕ್ಕವನ್ನೂ ಬಹಿರಂಗಪಡಿಸತಕ್ಕದ್ದು. ಬಟ್ಟಿ ಸುಳ್ಳಾದರೆ ಗಿರಾಕಿಗೆ ಪಾವಿನಷ್ಟು ನಷ್ಟ. ಈ ತಕ್ಕಡಿ ಸುಳ್ಳಾದರೆ ಒಂದು ಬಾಳೇ ನಷ್ಟ.