ಗರ್ಭಿಣಿಯ ನಡಿಗೆ, ಗರ್ಭಿಣಿಯ ಓಟ

ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 1985ರಲ್ಲಿ ಗರ್ಭಿಣಿಯರ ವ್ಯಾಯಾಮದ ಕುರಿತು ಹೊರಡಿಸಿದ ಸೂಚನೆಗಳಲ್ಲಿ, ತಾಯಿಯ ಹೃದಯಬಡಿತ ನಿಮಿಷಕ್ಕೆ 140ನ್ನು ಮೀರಬಾರದೆಂದೂ ಬಿರುಸಿನ ವ್ಯಾಯಾಮ ಒಂದು ಸಲಕ್ಕೆ 15 ನಿಮಿಷಕ್ಕಿಂತ ಹೆಚ್ಚು ಕಾಲ ನಡೆಯಬಾರದೆಂದೂ ಹೇಳಿತ್ತು. ಈ ಅಂಕಿಗಳ ಹಿಂದೆ ಗಟ್ಟಿಯಾದ ಪ್ರಯೋಗಗಳ ಬಲಕ್ಕಿಂತ ಎಚ್ಚರಿಕೆಯ ಮನೋಭಾವವೇ ಹೆಚ್ಚಾಗಿತ್ತು. ಗರ್ಭದಲ್ಲಿರುವ ಶಿಶುವಿನ ವಿಷಯದಲ್ಲಿ ತಿಳಿಯದ್ದನ್ನು ತಡೆಯುವುದೇ ಲೇಸೆಂಬ ನಿಲುವು ಅದು. ಓಟದ ಅಭ್ಯಾಸವಿರುವ ಹೆಂಗಸಿಗೆ 140 ಬಡಿತವೆಂದರೆ ನಿಧಾನದ ಓಟ, ಅಭ್ಯಾಸವೇ ಇಲ್ಲದವಳಿಗೆ ಅದೇ ಅಂಕಿ ಏದುಸಿರಿನ ಶ್ರಮ. ಆದ್ದರಿಂದ ಎಲ್ಲರಿಗೂ ಒಂದೇ ಗೆರೆ ಎಳೆಯುವುದು ಸರಿಯಲ್ಲವೆಂದು ಕಂಡುಕೊಂಡ ಕಾಲೇಜು 1994ರಲ್ಲಿ ಆ ಮಿತಿಯನ್ನು ಕೈಬಿಟ್ಟಿತು. ಕೈಬಿಟ್ಟು ಮೂರು ದಶಕಗಳಾದರೂ ಆ ಅಂಕಿ ಇಂದಿಗೂ ಬಾಯಿಂದ ಬಾಯಿಗೆ ದಾಟುತ್ತಲೇ ಇದೆ.

ಬಸಿರು ನಿಂತ ಮೇಲೆ ದೇಹದಲ್ಲಿ ಆಗುವ ಬದಲಾವಣೆಗಳನ್ನು ಅರಿತರೆ ಹೃದಯಬಡಿತವೊಂದನ್ನೇ ಅಳತೆಗೋಲಾಗಿ ಹಿಡಿಯುವುದು ಏಕೆ ಸಾಲದೆಂಬುದು ತಿಳಿಯುತ್ತದೆ. ತಾಯಿಯ ರಕ್ತದ ಪ್ರಮಾಣ ತಿಂಗಳು ತುಂಬುವ ಹೊತ್ತಿಗೆ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ, ಹೃದಯ ನಿಮಿಷಕ್ಕೆ ಹೊರದಬ್ಬುವ ರಕ್ತವೂ ಬಹುಮಟ್ಟಿಗೆ ಅಷ್ಟೇ ಏರುತ್ತದೆ, ಸುಮ್ಮನೆ ಕುಳಿತಿದ್ದಾಗಿನ ನಾಡಿಬಡಿತವೇ ನಿಮಿಷಕ್ಕೆ 10ರಿಂದ 20ರಷ್ಟು ಹೆಚ್ಚಿರುತ್ತದೆ. ಆದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬೆಳೆದಷ್ಟು ಕೆಂಪು ರಕ್ತಕಣಗಳು ಬೆಳೆಯುವುದಿಲ್ಲವಾದ್ದರಿಂದ ರಕ್ತ ತುಸು ತೆಳುವಾಗುತ್ತದೆ. ಉಸಿರು ಆಳವಾಗುತ್ತದೆ, ಹಾಗಾಗಿ ಮಹಡಿ ಹತ್ತಿದರೂ ಮೇಲುಸಿರು ಬಂದಂತೆನಿಸುವುದು ಸಹಜ. ಹಾರ್ಮೋನುಗಳ ಪ್ರಭಾವದಿಂದ ಕೀಲುಗಳನ್ನು ಬಿಗಿದಿಟ್ಟಿರುವ ಕಟ್ಟುಗಳು ಸಡಿಲಗೊಳ್ಳುತ್ತವೆ, ಹೊಟ್ಟೆ ಮುಂದಕ್ಕೆ ಬಂದಂತೆ ದೇಹದ ತೂಕದ ನಡುಬಿಂದುವೂ ಮುಂದಕ್ಕೆ ಸರಿದು ಸೊಂಟ ಹಿಂದಕ್ಕೆ ಬಾಗುತ್ತದೆ.

ಇಷ್ಟೆಲ್ಲ ಬದಲಾವಣೆಗಳ ನಡುವೆ ಓಡಿದರೆ ಶಿಶುವಿಗೆ ಏನಾಗುತ್ತದೆಂಬುದೇ ಮೂಲಪ್ರಶ್ನೆ. ವ್ಯಾಯಾಮದ ಹೊತ್ತಿನಲ್ಲಿ ರಕ್ತ ಸ್ನಾಯುಗಳತ್ತ ಹರಿಯುವುದರಿಂದ ಗರ್ಭಕೋಶಕ್ಕೆ ಹೋಗುವ ಪಾಲು ಕುಗ್ಗುವುದು ನಿಜ. ಆದರೆ ತಾಯಿಯ ರಕ್ತದಿಂದ ಆಮ್ಲಜನಕವನ್ನೂ ಪೋಷಕಾಂಶಗಳನ್ನೂ ಶಿಶುವಿಗೆ ದಾಟಿಸುವ ಅಂಗವಾದ ಮಾಸು ಸಿಕ್ಕಷ್ಟು ರಕ್ತದಿಂದಲೇ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳಬಲ್ಲದು. ಶಿಶುವಿನ ಹಿಮೋಗ್ಲೋಬಿನ್ ಕೂಡ ವಯಸ್ಕರ ಹಿಮೋಗ್ಲೋಬಿನ್‌ಗಿಂತ ಬಲವಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಅಮೆರಿಕದ ವೈದ್ಯ ಜೇಮ್ಸ್ ಕ್ಲಾಪ್ ಗರ್ಭಿಣಿ ಓಟಗಾರ್ತಿಯರನ್ನು ವರ್ಷಗಳ ಕಾಲ ಅಧ್ಯಯನ ಮಾಡಿ, ನಿಯಮಿತವಾಗಿ ವ್ಯಾಯಾಮ ಮಾಡಿದವರಲ್ಲಿ ಮಾಸು ಸೊರಗುವ ಬದಲು ಚೆನ್ನಾಗಿ ಬೆಳೆದಿರುವುದನ್ನು ತೋರಿಸಿದರು. ದೇಹ ತನ್ನ ಮೇಲೆ ಬೀಳುವ ಮಿತವಾದ ಬೇಡಿಕೆಗೆ ತಕ್ಕಂತೆ ತನ್ನನ್ನು ಸಜ್ಜುಗೊಳಿಸಿಕೊಳ್ಳುತ್ತದೆಂಬ ಈ ತಿಳಿವಳಿಕೆಯೇ ಮುಂದಿನ ಸಲಹೆಗಳಿಗೆ ದಾರಿಮಾಡಿತು.

ಮಿತವೆಂಬ ಮಾತಿಗೂ ಒಂದು ಎಲ್ಲೆಯಿದೆ. ನಾರ್ವೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಲಿಂಪಿಕ್ ಮಟ್ಟದ ಆರು ಮಂದಿ ಗರ್ಭಿಣಿ ಕ್ರೀಡಾಪಟುಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಪರೀಕ್ಷಿಸಿದಾಗ, ತಾಯಿಯ ಹೃದಯಬಡಿತ ಅವಳ ಗರಿಷ್ಠ ಮಟ್ಟದ ಶೇ. 90ನ್ನು ದಾಟಿದಲ್ಲಿ ಶಿಶುವಿನ ಹೃದಯಬಡಿತ ಕುಸಿದದ್ದು ಕಂಡಿತು. ಓಟ ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಅದು ಚೇತರಿಸಿಕೊಂಡಿತು. ಆರು ಮಂದಿಯ ಅಧ್ಯಯನದಿಂದ ಎಲ್ಲರಿಗೂ ನಿಯಮ ಕಟ್ಟಲಾಗದು, ಆದರೂ ಸಾಮರ್ಥ್ಯದ ಕೊನೆಯ ಅಂಚಿನವರೆಗೆ ಹೋಗುವ ಓಟ ಗರ್ಭಾವಸ್ಥೆಯಲ್ಲಿ ಬೇಡವೆಂಬ ತೀರ್ಮಾನಕ್ಕೆ ಅದು ಸಾಕು.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ, ತೊಡಕುಗಳಿಲ್ಲದ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂದು ಹೇಳಿದೆ. ಮಧ್ಯಮ ಶ್ರಮವನ್ನು ಅಳೆಯಲು ಯಂತ್ರ ಬೇಕಿಲ್ಲ: ನಡೆಯುತ್ತಲೋ ಓಡುತ್ತಲೋ ಜೊತೆಯವರೊಡನೆ ಮಾತಾಡಲು ಸಾಧ್ಯವಿರಬೇಕು, ಹಾಡಲು ಮಾತ್ರ ಉಸಿರು ಸಾಲದಿರಬೇಕು. ಮಾತು ತುಂಡಾಗತೊಡಗಿದರೆ ವೇಗ ತಗ್ಗಿಸಬೇಕು. ಇಂಥ ಚಟುವಟಿಕೆಯಿಂದ ಗರ್ಭಾವಸ್ಥೆಯಲ್ಲಿ ಕಾಣಿಸಿಕೊಳ್ಳುವ ಮಧುಮೇಹ, ಏರುವ ರಕ್ತದೊತ್ತಡ, ಅತಿಯಾದ ತೂಕ ಏರಿಕೆ ಇವುಗಳ ಸಂಭವ ಕಡಿಮೆಯಾಗುತ್ತದೆಂದೂ ಆರೋಗ್ಯವಂತ ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆ ಹೆಚ್ಚುವುದಿಲ್ಲವೆಂದೂ ಹಲವು ಅಧ್ಯಯನಗಳು ಒಮ್ಮತದಿಂದ ಹೇಳುತ್ತವೆ.

ಮೊದಲಿನಿಂದಲೂ ಓಡುತ್ತಿದ್ದವರು ವೈದ್ಯರ ಒಪ್ಪಿಗೆಯೊಡನೆ ಓಟವನ್ನು ಮುಂದುವರಿಸಬಹುದು. ಎಂದೂ ಓಡದವರು ಓಟ ಕಲಿಯಲು ಇದು ತಕ್ಕ ಕಾಲವಲ್ಲ, ಅವರಿಗೆ ಬಿರುಸಿನ ನಡಿಗೆಯೇ ಒಳ್ಳೆಯದು. ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರ್‍ಯಾಡ್‌ಕ್ಲಿಫ್ ಬಸುರಿಯಾಗಿದ್ದಾಗಲೂ ಓಟ ಬಿಡದೆ, 2007ರ ಜನವರಿಯಲ್ಲಿ ಮಗಳನ್ನು ಹೆತ್ತು, ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಆದರೆ ಇನ್ನೊಂದು ಉದಾಹರಣೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಲಿಂಪಿಕ್ ಚಿನ್ನದ ಪದಕಗಳನ್ನು ಗೆದ್ದ ಅಮೆರಿಕದ ಓಟಗಾರ್ತಿ ಆಲಿಸನ್ ಫೆಲಿಕ್ಸ್‌ಗೆ 2018ರಲ್ಲಿ ರಕ್ತದೊತ್ತಡ ವಿಪರೀತ ಏರುವ ಪ್ರಿ-ಎಕ್ಲಾಂಪ್ಸಿಯಾ ಕಾಣಿಸಿಕೊಂಡು, 32ನೆಯ ವಾರದಲ್ಲಿ ತುರ್ತಾಗಿ ಸಿಸೇರಿಯನ್ ಮಾಡಬೇಕಾಯಿತು. ಅಪ್ರತಿಮ ದೇಹಬಲವೂ ತಪಾಸಣೆಗೆ ಬದಲಿಯಾಗಲಾರದು.

ತಿಂಗಳು ಬೆಳೆದಂತೆ ಓಟವೂ ರೂಪ ಬದಲಿಸಬೇಕಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ವಾಕರಿಕೆ ಮತ್ತು ಆಯಾಸವೇ ದೊಡ್ಡ ಅಡ್ಡಿ. ದೇಹ ಒಲ್ಲದ ದಿನ ಬಿಟ್ಟುಬಿಡುವುದರಲ್ಲಿ ತಪ್ಪಿಲ್ಲ. ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುವುದು ಗರ್ಭಧಾರಣೆಯ ಬಳಿಕ ಸುಮಾರು ನಾಲ್ಕು ವಾರಗಳೊಳಗೆ, ಅಂದರೆ ಹಲವರಿಗೆ ಬಸಿರಿನ ಸುಳಿವೇ ಸಿಕ್ಕಿರದ ಹೊತ್ತಿನಲ್ಲಿ. ಆ ಕಾಲದಲ್ಲಿ ತಾಯಿಯ ಮೈಬಿಸಿ 39 ಡಿಗ್ರಿ ಸೆಲ್ಸಿಯಸ್ ದಾಟಿ ಉಳಿದರೆ ಅಪಾಯವಿರುವುದರಿಂದ ಬಿಸಿಲಿನ ಓಟ, ಬಿಸಿ ಕೋಣೆಯ ಯೋಗ, ಉಗಿಸ್ನಾನ ಇವುಗಳಿಂದ ದೂರವಿರಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಜಿಲ್ಲೆಗಳಲ್ಲಿ ನಸುಕಿನ ಹೊತ್ತನ್ನು ಬಿಟ್ಟರೆ ಹೊರಗಿನ ಓಟಕ್ಕೆ ಅವಕಾಶವೇ ಇಲ್ಲವೆನ್ನಬೇಕು. ಐದನೆಯ ತಿಂಗಳ ನಂತರ ಅಂಗಾತ ಮಲಗಿ ಮಾಡುವ ವ್ಯಾಯಾಮಗಳಲ್ಲಿ ಹೆಚ್ಚು ಹೊತ್ತು ಇರಬಾರದು, ಏಕೆಂದರೆ ಭಾರವಾದ ಗರ್ಭಕೋಶ ಹೃದಯಕ್ಕೆ ರಕ್ತ ಮರಳಿ ತರುವ ದೊಡ್ಡ ಅಭಿಧಮನಿಯನ್ನು ಒತ್ತಿ ತಲೆಸುತ್ತು ಬರಿಸಬಹುದು. ಕೊನೆಯ ತಿಂಗಳುಗಳಲ್ಲಿ ಕಾಲ ಬಳಿಯ ನೆಲ ಕಾಣದಾಗುತ್ತದೆ, ಆಯ ತಪ್ಪುವುದು ಸುಲಭವಾಗುತ್ತದೆ. ಬೀಳುವ ಭಯವಿರುವ ಹಳ್ಳದಿಣ್ಣೆಯ ರಸ್ತೆಗಿಂತ ಸಮತಟ್ಟಾದ ಉದ್ಯಾನದ ದಾರಿಯೋ ಈಜುಕೊಳವೋ ಆಗ ಮೇಲು.

ಕೆಲವು ಸ್ಥಿತಿಗಳಲ್ಲಿ ಓಟ ಪೂರ್ತಿ ನಿಷಿದ್ಧ. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿದ್ದರೆ, ಗರ್ಭಕಂಠ ದುರ್ಬಲವಾಗಿ ಹೊಲಿಗೆ ಹಾಕಿದ್ದರೆ, ಪ್ರಿ-ಎಕ್ಲಾಂಪ್ಸಿಯಾ ಇದ್ದರೆ, ರಕ್ತಸ್ರಾವ ಮರುಕಳಿಸುತ್ತಿದ್ದರೆ, ಹೃದಯ ಅಥವಾ ಶ್ವಾಸಕೋಶದ ಗಂಭೀರ ಕಾಯಿಲೆಯಿದ್ದರೆ ವೈದ್ಯರು ಹೇಳಿದ್ದೇ ಕೊನೆಯ ಮಾತು. ಎಲ್ಲವೂ ಸರಿಯಿದ್ದವರು ಕೂಡ ರಕ್ತ ಕಂಡರೆ, ನೀರು ಒಸರಿದರೆ, ನೋವಿನೊಡನೆ ಹೊಟ್ಟೆ ಮತ್ತೆ ಮತ್ತೆ ಬಿಗಿದುಕೊಂಡರೆ, ಎದೆನೋವು, ತೀವ್ರ ತಲೆನೋವು, ತಲೆಸುತ್ತು ಬಂದರೆ ಅಥವಾ ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈ ಪಟ್ಟಿಗೆ ನಮ್ಮ ದೇಶದಲ್ಲಿ ವಿಶೇಷವಾಗಿ ಸೇರಬೇಕಾದದ್ದು ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಮಿಗಿಂತ ಕಡಿಮೆಯಿತ್ತು. ಪಾಶ್ಚಾತ್ಯ ಮಾರ್ಗಸೂಚಿಗಳು ತೀವ್ರ ರಕ್ತಹೀನತೆಯನ್ನು ಅಪರೂಪದ ಅಪವಾದವೆಂಬಂತೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಇಲ್ಲಿ ಅದು ಮೊದಲು ಕೇಳಬೇಕಾದ ಪ್ರಶ್ನೆ. ಆಮ್ಲಜನಕ ಹೊರುವ ಕಣಗಳೇ ಸಾಲದ ದೇಹದಲ್ಲಿ ಓಟದ ಬೇಡಿಕೆ ಹೃದಯದ ಮೇಲೂ ಮಾಸಿನ ಮೇಲೂ ಹೊರೆಯಾಗುತ್ತದೆ, ಆದ್ದರಿಂದ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ, ಸೊಪ್ಪು, ಕಾಳು, ಮೊಟ್ಟೆ ಇವು ಓಟದ ಬೂಟಿಗಿಂತ ಮೊದಲು ಬರಬೇಕು.

ಹೊಲದಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ, ಇಟ್ಟಿಗೆ ಹೊರುವ ಬಸುರಿಯರನ್ನು ತೋರಿಸಿ, ದುಡಿದರೆ ಹೆರಿಗೆ ಹಗುರವೆನ್ನುವ ಮಾತು ಹಲವೆಡೆ ಕೇಳಿಬರುತ್ತದೆ. ಇದನ್ನು ಒಪ್ಪಲಾಗದು. ವ್ಯಾಯಾಮದಲ್ಲಿ ವೇಗವನ್ನೂ ವಿರಾಮವನ್ನೂ ನಿರ್ಧರಿಸುವವಳು ಗರ್ಭಿಣಿಯೇ. ಕೂಲಿಯಲ್ಲಿ ಆ ಅಧಿಕಾರ ಅವಳಿಗಿಲ್ಲ. ಭಾರ ಎತ್ತುವುದು, ಗಂಟೆಗಟ್ಟಲೆ ನಿಂತೇ ಇರುವುದು, ನೀರಿಗೂ ನೆರಳಿಗೂ ಬಿಡುವಿಲ್ಲದಿರುವುದು ಅವಧಿಪೂರ್ವ ಹೆರಿಗೆಯ ಸಂಭವವನ್ನು ಹೆಚ್ಚಿಸುವಂಥವು. ನಗರದ ಗರ್ಭಿಣಿಗೆ ನಡೆಯಿರೆಂದು ಹೇಳುವಷ್ಟೇ ಕಾಳಜಿಯಿಂದ ಹೊಲದ ಗರ್ಭಿಣಿಗೆ ಕುಳಿತುಕೊಳ್ಳಲು ಬಿಡುವು ಕೊಡಿಸುವುದೂ ಆರೋಗ್ಯ ಶಿಕ್ಷಣದ ಕೆಲಸವೇ.

ಹೆರಿಗೆಯ ನಂತರ ಓಟಕ್ಕೆ ಮರಳುವ ಅವಸರ ಬೇಡ. ಬ್ರಿಟನ್ನಿನ ಫಿಸಿಯೋಥೆರಪಿಸ್ಟರು 2019ರಲ್ಲಿ ರೂಪಿಸಿದ ಮಾರ್ಗಸೂಚಿ ಕನಿಷ್ಠ 12 ವಾರ ಕಾಯಬೇಕೆನ್ನುತ್ತದೆ. ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಆತು ಹಿಡಿದಿರುವ ಸ್ನಾಯುಗಳ ಪದರ ಹೆರಿಗೆಯಲ್ಲಿ ಹಿಗ್ಗಿ ಸೋತಿರುತ್ತದೆ. ಅದು ಬಲಗೊಳ್ಳುವ ಮೊದಲೇ ಓಡಿದರೆ ಮೂತ್ರ ಜಿನುಗುವುದು, ಕೆಳಹೊಟ್ಟೆ ಜಗ್ಗಿದಂತಾಗುವುದು ಉಂಟು. ಮೂತ್ರವನ್ನು ತಡೆಹಿಡಿಯುವಂತೆ ಆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸವನ್ನು ಬಾಣಂತನದಲ್ಲಿಯೇ ಆರಂಭಿಸಬಹುದು. ಬಾಣಂತಿಗೆ ವಿಶ್ರಾಂತಿ ಕೊಡುವ ನಮ್ಮ ಮನೆಗಳ ಪದ್ಧತಿ ಗೌರವಾರ್ಹವಾದದ್ದು, ಆದರೆ ಹಾಸಿಗೆಯಿಂದ ಏಳಲೇಬಾರದೆಂಬ ಕಟ್ಟು ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಲು ಎಡೆಮಾಡಿಕೊಡಬಹುದಾದ್ದರಿಂದ ಮನೆಯೊಳಗಿನ ಮೆಲುನಡಿಗೆಗೆ ಅಡ್ಡಿ ಮಾಡಬಾರದು.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಾಲ್ಕನೆಯ ತಿಂಗಳಿನಿಂದಾಚೆಗಿನ ಗರ್ಭಿಣಿಯರ ರಕ್ತದೊತ್ತಡ, ಹಿಮೋಗ್ಲೋಬಿನ್ ಮುಂತಾದವನ್ನು ಉಚಿತವಾಗಿ ಪರೀಕ್ಷಿಸಲಾಗುತ್ತದೆ. ತಪಾಸಣೆಯ ವಿವರಗಳಿರುವ ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗುವ ಗರ್ಭಿಣಿಯೂ ಜೊತೆಗಿರುವ ಮನೆಯವರೂ ಮಾತ್ರೆಯ ಬಗ್ಗೆ ಕೇಳುವಂತೆಯೇ, ದಿನಕ್ಕೆ ಎಷ್ಟು ನಡೆಯಬಹುದು, ಓಡಬಹುದೇ, ಯಾವ ಕೆಲಸ ಬಿಡಬೇಕು ಎಂಬುದನ್ನೂ ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಬೇಕು.