ನಗಬಹುದು, ಗೊಂಬೆ ಮಾರುವಂತಿಲ್ಲ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಮುರಿದ ಮಿಕ್ಸಿ, ಒಂಟಿ ಸ್ಪೀಕರ್, ಯಾವ ಟಿವಿಯದೆಂದು ಗೊತ್ತಿಲ್ಲದ ರಿಮೋಟುಗಳ ಗುಡ್ಡೆಯ ಅಡಿಯಿಂದ ಅದು ಇಣುಕುತ್ತಿತ್ತು. 1987ರ ‘ಸ್ಪೇಸ್‌ಬಾಲ್ಸ್’ ಸಿನಿಮಾದ ವಿಎಚ್‌ಎಸ್ ಕ್ಯಾಸೆಟ್ಟು. ಮಾರುವವನು ಐವತ್ತು ಅಂದ, ಮೂವತ್ತಕ್ಕೆ ಇಳಿಸಿದೆ. “ಓಡೋ ಗ್ಯಾರಂಟಿ ಇಲ್ಲ ಸಾರ್. ಡಬ್ಬ ಮಾತ್ರ ಸಾಕು ಅಂದ್ರೆ ಇಪ್ಪತ್ತು ಕೊಡಿ. ಕಾಫಿ ಶಾಪ್‌ನೋರು ಗೋಡೆಗೆ ಅಂತ ಡಬ್ಬಾನೇ ತಗೊಂಡು ಹೋಗ್ತಾರೆ.” ಅಂದರೆ ಒಳಗಿನ ಸಿನಿಮಾಕ್ಕೆ ಹತ್ತು ರೂಪಾಯಿ, ಹೊರಗಿನ ಡಬ್ಬಕ್ಕೆ ಇಪ್ಪತ್ತು! ಈ ಲೆಕ್ಕ ಕೇಳಿದ್ದರೆ ಫ್ರಾಂಕ್‌ಫರ್ಟಿನ ಚಿಂತಕರು ಅಲ್ಲೇ ಫುಟ್‌ಪಾತಿನಲ್ಲಿ ಕೂತು ಒಂದು ಅಧ್ಯಾಯ ಬರೆದುಬಿಡುತ್ತಿದ್ದರು.

ಕ್ಯಾಸೆಟ್ಟೇನೋ ಸಿಕ್ಕಿತು, ನೋಡುವುದು ಎಲ್ಲಿ? ಹಿಂದೊಮ್ಮೆ ವಿಡಿಯೊ ಲೈಬ್ರರಿ ಇಟ್ಟಿದ್ದ ಪರಿಚಯದವರೊಬ್ಬರು ಅಟ್ಟದಿಂದ ವಿಸಿಆರ್ ಇಳಿಸಿದರು. ಟೇಪಿನ ಅಂಚಿನಲ್ಲಿ ಬಿಳಿ ಫಂಗಸ್ ಹಿಡಿದಿತ್ತು. ಕಾಗದದ ಚೂರಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿ, ದೇವರ ಮುಂದೆ ದೀಪ ಹಚ್ಚುವಷ್ಟು ಭಕ್ತಿಯಿಂದ ‘ಪ್ಲೇ’ ಒತ್ತಿದರು. ಗೆರೆಗಳು ಅಲುಗಾಡಿದವು, ಆಮೇಲೆ ಆ ಉದ್ದುದ್ದ, ಮುಗಿಯದ ಅಂತರಿಕ್ಷ ನೌಕೆ ಪರದೆಯ ಮೇಲೆ ಹಾದುಹೋಗತೊಡಗಿತು. ನಾನು ಈ ಚಿತ್ರವನ್ನು ಮೊದಲೂ ನೋಡಿದ್ದೆ, ಡಿವಿಡಿಯಲ್ಲಿ. ಆಗ ನೋಡಿದ್ದು ನೋಡಿದಂತಲ್ಲ ಎಂದು ಆ ಸಂಜೆ ಗೊತ್ತಾಯಿತು.

ಮೆಲ್ ಬ್ರೂಕ್ಸ್ ‘ಸ್ಟಾರ್ ವಾರ್ಸ್’ ಅನ್ನು ಅಣಕಿಸಿ ಮಾಡಿದ ಚಿತ್ರ ಇದು. ಬಂದದ್ದು ಮೂಲ ಚಿತ್ರದ ಹತ್ತು ವರ್ಷಗಳ ಬಳಿಕ, ಮದುವೆ ಮುಗಿದ ಮೇಲೆ ವಾಲಗದವರು ಬಂದಂತೆ. ಅಮೆರಿಕದ ವಿಮರ್ಶಕರು ಅದನ್ನೇ ಆಡಿಕೊಂಡರು. ಕಥೆ ನಿಮಗೆ ಗೊತ್ತಿರುವಂಥದ್ದೇ. ತನ್ನ ಗ್ರಹದ ಗಾಳಿಯನ್ನೆಲ್ಲ ಮುಗಿಸಿಕೊಂಡ ಅಧ್ಯಕ್ಷ ಸ್ಕ್ರೂಬ್ ಪಕ್ಕದ ಗ್ರಹದ ಗಾಳಿ ಕದಿಯಲು ಹೊರಡುತ್ತಾನೆ. ಅಲ್ಲಿಯವರೆಗೆ ಡಬ್ಬಿಯಲ್ಲಿ ತುಂಬಿದ ಗಾಳಿಯನ್ನು ಕದ್ದುಮುಚ್ಚಿ ಸೇದುತ್ತಿರುತ್ತಾನೆ. 1987ರಲ್ಲಿ ಇದು ಜೋಕು. 2015ರ ಹೊತ್ತಿಗೆ ಕೆನಡಾದ ಬೆಟ್ಟದ ಗಾಳಿ ಡಬ್ಬಿಯಲ್ಲಿ ಚೀನಾಕ್ಕೆ ಹೋಗಿ ಮಾರಾಟವಾಯಿತು. ಸ್ಕ್ರೂಬ್ ಎಂಬ ಹೆಸರು ‘ಬ್ರೂಕ್ಸ್’ನ ಇಂಗ್ಲಿಷ್ ಅಕ್ಷರಗಳನ್ನೇ ಕಲೆಸಿದ್ದು, ಪಾತ್ರ ಮಾಡಿದವರೂ ಅವರೇ. ಮರುಭೂಮಿಯ ಗುಹೆಯಲ್ಲಿ ಕೂತ ಜ್ಞಾನಿ ಯೋಗರ್ಟ್‌ನ ವೇಷದಲ್ಲಿರುವುದೂ ಅವರೇ. ಗಾಳಿ ಕದಿಯುವ ದೊರೆ, ತತ್ವ ಬೋಧಿಸುವ ಗುರು, ಇಬ್ಬರಿಗೂ ಒಂದೇ ಮುಖ.

ಗುರುವಿನ ಗುಹೆಯಲ್ಲೇ ಎಲ್ಲರೂ ಉದಾಹರಿಸುವ ಆ ದೃಶ್ಯ ಇದೆ. ಇಲ್ಲಿ ನಿಮ್ಮ ಕಸುಬೇನು ಎಂದು ಕೇಳಿದರೆ ಯೋಗರ್ಟ್ ಗೋಡೆ ಸರಿಸಿ ಅಂಗಡಿ ತೋರಿಸುತ್ತಾನೆ: ಸ್ಪೇಸ್‌ಬಾಲ್ಸ್ ಟೀ ಶರ್ಟು, ಊಟದ ಡಬ್ಬಿ, ಮಕ್ಕಳಿಗೆಂದು ಬೆಂಕಿ ಉಗುಳುವ ಯಂತ್ರ, ಕೊನೆಗೆ ತನ್ನದೇ ಗೊಂಬೆ. ಸಿನಿಮಾದ ನಿಜವಾದ ಕಾಸು ಇರುವುದು ಇದರಲ್ಲೇ ಎಂಬುದು ಅವನ ಉಪದೇಶ. ಕ್ರಿಟಿಕಲ್ ಥಿಯರಿ ಓದಿದವರು ಇಲ್ಲಿ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಆ ಫ್ರಾಂಕ್‌ಫರ್ಟ್ ಚಿಂತಕರಾದ ಅಡೋರ್ನೊ ಮತ್ತು ಹೋರ್ಕ್‌ಹೈಮರ್ ಹಿಟ್ಲರನಿಂದ ತಪ್ಪಿಸಿಕೊಂಡು ಅಮೆರಿಕ ಸೇರಿ, ಹಾಲಿವುಡ್‌ನ ಮಗ್ಗುಲಲ್ಲೇ ಮನೆ ಮಾಡಿ ಬರೆದ ಪುಸ್ತಕ 1947ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಹೊರಬಂತು. ಸಿನಿಮಾ, ರೇಡಿಯೊಗಳನ್ನು ಅವರು ಕಲೆ ಎನ್ನಲಿಲ್ಲ, ‘ಸಂಸ್ಕೃತಿ ಉದ್ಯಮ’ ಎಂದರು. ಅಲ್ಲಿ ನಗುವೂ ಕಾರ್ಖಾನೆಯ ಸರಕು. ಡೊನಾಲ್ಡ್ ಡಕ್ ಪೆಟ್ಟು ತಿನ್ನುವುದನ್ನು ನೋಡಿ ನೋಡಿ ನಾವೂ ನಮ್ಮ ಪಾಲಿನ ಪೆಟ್ಟು ತಿನ್ನಲು ಪಳಗುತ್ತೇವೆ ಎಂಬುದು ಅವರ ವಾದ.

ಆದರೆ ಗುಹೆಯ ದೃಶ್ಯದ ನಿಜವಾದ ಸ್ವಾರಸ್ಯ ಪರದೆಯ ಆಚೆ ಇದೆ. ಬ್ರೂಕ್ಸ್ ಮೊದಲೇ ಸ್ಟಾರ್ ವಾರ್ಸ್ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರ ಒಪ್ಪಿಗೆ ಕೇಳಿದ್ದರು. ಲ್ಯೂಕಾಸ್ ಕಥೆ ಓದಿ ನಕ್ಕರಂತೆ, ಎಷ್ಟು ಬೇಕಾದರೂ ಅಣಕಿಸಿ ಎಂದರಂತೆ. ಕರಾರು ಒಂದೇ: ಸ್ಪೇಸ್‌ಬಾಲ್ಸ್ ಗೊಂಬೆ ಮಾಡಿ ಮಾರುವಂತಿಲ್ಲ, ಅವು ನಮ್ಮ ಗೊಂಬೆಗಳ ಹಾಗೇ ಕಾಣುತ್ತವೆ. ಬ್ರೂಕ್ಸ್ ಇದನ್ನು ಹಲವು ಸಲ ಹೇಳಿಕೊಂಡಿದ್ದಾರೆ. ನನಗೆ ಇದರಷ್ಟು ಚೊಕ್ಕವಾದ ಸಿದ್ಧಾಂತ ಯಾವ ಜರ್ಮನ್ ಪುಸ್ತಕದಲ್ಲೂ ಸಿಕ್ಕಿಲ್ಲ. ಸಾಮ್ರಾಜ್ಯಕ್ಕೆ ನಗುವಿನ ಭಯವಿಲ್ಲ, ಪಕ್ಕದಲ್ಲಿ ಇನ್ನೊಬ್ಬ ಅಂಗಡಿ ಇಡುವ ಭಯ. ದೊರೆಯನ್ನು ಬೈಯುವ ಸ್ವಾತಂತ್ರ್ಯ ಉಂಟು, ಅವನ ಸಂತೆಯಲ್ಲಿ ತಕ್ಕಡಿ ಹಿಡಿಯುವಂತಿಲ್ಲ. ಹಾಗಾಗಿ ಯೋಗರ್ಟ್ ಕೊನೆಗೆ ತೋರಿಸುವ ಗೊಂಬೆ ಮಾರಲಾಗದ ಸರಕು, ಆ ಅಂಗಡಿ ಬರೀ ಅಣಕು.

ಲ್ಯೂಕಾಸ್‌ಗೆ ಆ ಭಯ ಸುಮ್ಮನೆ ಬಂದದ್ದಲ್ಲ, ಅವರ ಗೊಂಬೆಗಳಿಗೆ ಅಷ್ಟು ಗಿರಾಕಿ ಇತ್ತು. 1977ರ ಕ್ರಿಸ್‌ಮಸ್‌ಗೆ ಸ್ಟಾರ್ ವಾರ್ಸ್ ಗೊಂಬೆಗಳು ತಯಾರಾಗಿರಲಿಲ್ಲ. ಅವನ್ನು ಮಾಡುತ್ತಿದ್ದ ಕೆನ್ನರ್ ಕಂಪನಿ ಧೃತಿಗೆಡದೆ ಖಾಲಿ ರಟ್ಟಿನ ಪೊಟ್ಟಣ ಮಾರಿತು. ಒಳಗೊಂದು ಚೀಟಿ, ಅದನ್ನು ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಗೊಂಬೆ ಮನೆಗೆ ಬರುತ್ತದೆ. ಮಕ್ಕಳು ಹಬ್ಬದ ಬೆಳಿಗ್ಗೆ ಬಿಚ್ಚಿದ್ದು ಆ ರಟ್ಟನ್ನು. ಸಂಡೇ ಬಜಾರಿನ ಗೆಳೆಯನಿಗೆ ಇದನ್ನು ಹೇಳಬೇಕು, ಅವನ ದಂಧೆಗೆ ಅರ್ಧ ಶತಮಾನದ ಪರಂಪರೆ ಇದೆ.

ಅಡೋರ್ನೊ ಹೆಸರು ಬಂದ ಮೇಲೆ ಅವರದೇ ಒಂದು ಪ್ರಸಂಗ ಹೇಳದೆ ನನ್ನಿಂದ ಮುಂದೆ ಹೋಗಲಾಗದು. ಸಿನಿಮಾ ಮಂದಿರದ ನಗುವಿನಲ್ಲಿ ಒಳ್ಳೆಯದೇನೂ ಇಲ್ಲ, ಕ್ರಾಂತಿಯಂತೂ ಇಲ್ಲವೇ ಇಲ್ಲ ಎಂದು 1936ರಲ್ಲೇ ಗೆಳೆಯ ವಾಲ್ಟರ್ ಬೆಂಜಮಿನ್‌ಗೆ ಕಾಗದ ಬರೆದ ಮನುಷ್ಯ ಇವರು. ಯುದ್ಧದ ನಂತರ ಒಮ್ಮೆ ಮಾಲಿಬು ಕಡಲ ದಂಡೆಯ ಬಂಗಲೆಯೊಂದರ ಔತಣಕ್ಕೆ ಹೋಗಿದ್ದರು. ಪಕ್ಕದಲ್ಲಿ ಚಾರ್ಲಿ ಚಾಪ್ಲಿನ್. ಅತಿಥಿಯೊಬ್ಬರು ಹೊರಟಾಗ ಅಡೋರ್ನೊ ಯಾವುದೋ ಯೋಚನೆಯಲ್ಲಿ ಕೈ ಚಾಚಿದರು. ಕೈಗೆ ಸಿಕ್ಕಿದ್ದು ಕಬ್ಬಿಣದ ಕೊಕ್ಕೆ! ಆ ಅತಿಥಿ 1946ರ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಚಿತ್ರದ ನಟ, ಸೇನೆಯಲ್ಲಿದ್ದಾಗ ಕೈ ಕಳೆದುಕೊಂಡವರು. ಅಡೋರ್ನೊ ಬೆಚ್ಚಿದರು. ಬೆಚ್ಚಿದ್ದನ್ನು ತೋರಬಾರದೆಂದು ಮರುಕ್ಷಣವೇ ಹಲ್ಲು ಕಿರಿದರು. ಆ ಅತಿಥಿ ಬಾಗಿಲು ದಾಟಿದರೋ ಇಲ್ಲವೋ, ಚಾಪ್ಲಿನ್ ಆಗಲೇ ಅದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದರು. ತನ್ನನ್ನು ಚಾಪ್ಲಿನ್ ಅಣಕಿಸಿದ್ದನ್ನು ಅಡೋರ್ನೊ 1964ರಲ್ಲಿ ಹೆಮ್ಮೆಯಿಂದಲೇ ಬರೆದುಕೊಂಡರು. ಕ್ರೌರ್ಯದ ಅಂಚಿಗೆ ತಾಗಿದಾಗಲೇ ನಗುವಿಗೆ ಅರ್ಹತೆ ಬರುತ್ತದೆ ಎಂಬಲ್ಲಿಗೆ ತಲುಪಿದರು.

ಆ ಕೊಕ್ಕೆ ಕೈಯ ನಟ ಹೆರಾಲ್ಡ್ ರಸೆಲ್. ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಪಡೆದವರು. ಅದರಲ್ಲೊಂದನ್ನು 1992ರಲ್ಲಿ 60,500 ಡಾಲರಿಗೆ ಹರಾಜಿನಲ್ಲಿ ಮಾರಿದರು. ವಿಷಯಾಂತರ ಅನ್ನಿಸಿತೇ? ನನಗೆ ಹಾಗನ್ನಿಸುವುದಿಲ್ಲ. ಆಸ್ಕರ್ ಕೂಡ ಕೊನೆಗೆ ಒಂದು ಗೊಂಬೆ ತಾನೆ.

ಮತ್ತೆ ನಮ್ಮ ಕ್ಯಾಸೆಟ್ಟಿಗೆ ಬರೋಣ. ಪರಾರಿಯಾದ ನಾಯಕ ಎಲ್ಲಿದ್ದಾನೆಂದು ಗೊತ್ತಾಗದೆ ಖಳ ಡಾರ್ಕ್ ಹೆಲ್ಮೆಟ್ ಕಂಗಾಲಾದಾಗ, ಅವನ ಕರ್ನಲ್ ಒಂದು ಉಪಾಯ ಹೇಳುತ್ತಾನೆ: ಸ್ಪೇಸ್‌ಬಾಲ್ಸ್ ಸಿನಿಮಾದ ಕ್ಯಾಸೆಟ್ಟನ್ನೇ ಹಾಕಿ ನೋಡೋಣ. ಚಿತ್ರೀಕರಣ ಮುಗಿಯುವ ಮೊದಲೇ ಕ್ಯಾಸೆಟ್ ಅಂಗಡಿಗೆ ಬರುವ ಹೊಸ ತಂತ್ರಜ್ಞಾನವಂತೆ. ಸರಸರ ಮುಂದೋಡಿಸುತ್ತಾರೆ, ನಿಲ್ಲಿಸುತ್ತಾರೆ. ಟಿವಿಯಲ್ಲಿ ಅವರೇ, ಟಿವಿ ನೋಡುತ್ತ ನಿಂತಿದ್ದಾರೆ. ಹೆಲ್ಮೆಟ್ ತಿರುಗಿದರೆ ಟಿವಿಯೊಳಗಿನವನೂ ತಿರುಗುತ್ತಾನೆ. ಇದು ಯಾವಾಗ ನಡೆಯುತ್ತಿದೆ? ಈಗ. ಹಾಗಾದರೆ ಆಗ? ಅದು ಆಗಲೇ ಆಗಿಹೋಯಿತು. ಬೋದ್ರಿಯಾರ್ ಎಂಬ ಫ್ರೆಂಚ್ ಚಿಂತಕರು 1981ರಲ್ಲಿ ಅಸಲಿಗಿಂತ ಮುಂಚೆ ಹುಟ್ಟುವ ನಕಲಿನ ಬಗ್ಗೆ ಇಡೀ ಪುಸ್ತಕ ಬರೆದರು. ಇಲ್ಲಿ ಅದು ಎರಡು ನಿಮಿಷದಲ್ಲಿ ಮುಗಿಯುತ್ತದೆ, ನಗುವೂ ಬರುತ್ತದೆ.

ಡಿವಿಡಿಯಲ್ಲಿ ನಾನು ಕಳೆದುಕೊಂಡಿದ್ದು ಏನೆಂದು ಆ ಅಟ್ಟದ ಕೆಳಗೆ ಹೊಳೆಯಿತು. ಪರದೆಯೊಳಗಿನ ಕ್ಯಾಸೆಟ್ಟಿನ ಗೆರೆಗಳ ಮೇಲೆ ನಮ್ಮ ಕ್ಯಾಸೆಟ್ಟಿನ ಗೆರೆಗಳು ಓಡುತ್ತಿದ್ದವು. ಅವರ ಕೈಯಲ್ಲಿದ್ದ ವಸ್ತುವೇ ನನ್ನ ಕೈಯಲ್ಲೂ ಇತ್ತು, ಮೂವತ್ತು ರೂಪಾಯಿ ಕೊಟ್ಟದ್ದು. ಗುಹೆಯ ಅಂಗಡಿ ಬೇರೆಯವರ ವ್ಯಾಪಾರವನ್ನು ಆಡಿಕೊಳ್ಳುತ್ತದೆ. ಈ ದೃಶ್ಯದಲ್ಲಾದರೆ ಸಿನಿಮಾ ತನ್ನನ್ನೇ ಕಪಾಟಿನಿಂದ ತೆಗೆದು, ನಾನೂ ಒಂದು ಸರಕು ಎಂದು ನಮ್ಮೆದುರು ಹಿಡಿಯುತ್ತದೆ. ಹಾಸ್ಯವನ್ನು ಕಳೆದುಕೊಂಡ ಅಣಕಿಗೆ ಅಮೆರಿಕದ ವಿಮರ್ಶಕ ಫ್ರೆಡ್ರಿಕ್ ಜೇಮ್ಸನ್ ‘ಪ್ಯಾಸ್ಟೀಶ್’ ಎಂಬ ಹೆಸರು ಕೊಟ್ಟರು. ಬಾಲ್ಯದ ಶನಿವಾರದ ಧಾರಾವಾಹಿಗಳನ್ನು ಹಂಬಲಿಸುವ ಸ್ಟಾರ್ ವಾರ್ಸ್ ಅವರ ಉದಾಹರಣೆಗಳಲ್ಲೊಂದು. ಬ್ರೂಕ್ಸ್ ಆ ಕಳೆದುಹೋದ ಹಾಸ್ಯವನ್ನು ವಾಪಸ್ ತಂದದ್ದು ಇಲ್ಲಿ, ಗುಹೆಯಲ್ಲಲ್ಲ.

ನಾನು ಇದನ್ನೆಲ್ಲ ಉತ್ಸಾಹದಿಂದ ವಿವರಿಸುತ್ತಿದ್ದರೆ ವಿಸಿಆರ್ ಮಾಲೀಕರು ತಲೆ ಅಲ್ಲಾಡಿಸಿದರು. “ಇದ್ರಲ್ಲಿ ಜೋಕ್ ಎಲ್ಲಿದೆ ಸಾರ್? ಥಿಯೇಟರ್‌ಗೆ ಇನ್ನೂ ಪೋಸ್ಟರ್ ಅಂಟಿಸ್ತಿರೋವಾಗ್ಲೇ ನಮ್ಮಂಗಡಿಗೆ ಕಳ್ಳ ಕ್ಯಾಸೆಟ್ ಬಂದಿರೋದು.” ಬೋದ್ರಿಯಾರ್ ಹೆಸರು ಮತ್ತೊಮ್ಮೆ ಎತ್ತುವ ಧೈರ್ಯ ನನಗಾಗಲಿಲ್ಲ.

ಚಿತ್ರ ಮುಗಿದ ಕೂಡಲೇ ಅವರ ಬೆರಳು ತಾನಾಗಿ ರಿವೈಂಡ್ ಗುಂಡಿಗೆ ಹೋಯಿತು. ರಿವೈಂಡ್ ಮಾಡದೆ ವಾಪಸ್ ತಂದವರಿಗೆ ಆ ಕಾಲದಲ್ಲಿ ದಂಡ ಹಾಕುತ್ತಿದ್ದರಂತೆ. ಆಮೇಲೆ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು, ಡಬ್ಬವನ್ನು ಮಾತ್ರ ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ಕೇಳಿದರು:

“ಇದೊಂದನ್ನ ಇಟ್ಕೊಳ್ಲಾ ಸಾರ್?”